ಗಾಡಿ ಪ್ಲೇಯರಲ್ಲಿ ಒಂದೇ ಸಿಡಿ ಸಿಕ್ಕಿಹಾಕಿಕೊಂಡರೆ ಯಾವುದು ಇರಲಿ, ಯಾವುದು ಬೇಡ?

ಕ್ಯಾತ್ಸಂದ್ರ ಪ್ಯಾಸೆಂಜರ್:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ತಮಾಷೆಯಾಗಿ ಕಾಣಬಹುದು, ಆದರೆ ನನಗಿದು ಆರು ತಿಂಗಳ ಪಾಡು.

ಹೋದ ದೀಪಾವಳಿಗೆ ಒಂದು ಸೆಕೆಂಡ್ ಹ್ಯಾಂಡ್ ಕಾರು ತೆಗೆದುಕೊಂಡೆ. ಹದಿಮೂರು ವರ್ಷದ ಹಳೇ ಗಾಡಿ. ಬ್ರೋಕರ್ "ಸಿಸ್ಟಮ್ ಸೂಪರಾಗಿದೆ ಸಾರ್" ಅಂತ ವಾಲ್ಯೂಮ್ ಜೋರು ಮಾಡಿ ತೋರಿಸಿದ. ಜೋರಾಗೇನೋ ಇತ್ತು. ಮನೆಗೆ ತಂದ ಮೇಲೆ ಗೊತ್ತಾಯಿತು, ಒಳಗೆ ಒಂದು ಸಿಡಿ ಸಿಕ್ಕಿಹಾಕಿಕೊಂಡಿದೆ. ಎಜೆಕ್ಟ್ ಒತ್ತಿದರೆ ಗರ್ರ್ ಅನ್ನುತ್ತದೆ, ಆಮೇಲೆ ಸುಮ್ಮನಾಗುತ್ತದೆ. ರೇಡಿಯೊ ಬಟನ್ ಒಳಕ್ಕೆ ಹೋಗಿ ಕೂತಿದೆ. ಮುಂದಿನ ಹಾಡಿಗೆ ಹಾರುವ ಬಟನ್ನೂ ಸತ್ತಿದೆ. ಬ್ಲೂಟೂತ್ ಮೊದಲೇ ಇಲ್ಲ. ಅಂದರೆ ಕೇಳಿದರೆ ಅದೇ ಸಿಡಿ, ಮೊದಲಿನಿಂದ ಕೊನೆಯವರೆಗೆ. ಬೇಡ ಅಂದರೆ ಟೈರ್ ಸದ್ದು.

ಫೋನಿನಲ್ಲಿ ಹಾಡು ಗುರುತಿಸುವ ಶಾಜಾಮ್ ಆ್ಯಪ್ ಹಿಡಿದು ನೋಡಿದೆ. ಇಳಯರಾಜಾ ಅವರ 'ಹೌ ಟು ನೇಮ್ ಇಟ್'. 1986ರದ್ದು. ಹಾಡುವವರು ಯಾರೂ ಇಲ್ಲ, ಬರೀ ವಾದ್ಯ. ತ್ಯಾಗರಾಜರಿಗೆ ಮತ್ತು ಜರ್ಮನಿಯ ಹಳೇ ಕಾಲದ ಸಂಗೀತಗಾರ ಬಾಖ್‌ಗೆ ಅರ್ಪಿಸಿ ಮಾಡಿದ ಆಲ್ಬಂ. ಮುಂದೆ ನಿಂತು ಪಿಟೀಲು ನುಡಿಸಿದವರು ವಿ.ಎಸ್. ನರಸಿಂಹನ್.

ನಾನು 'ಪ್ರೇಮಲೋಕ'ದ ಕ್ಯಾಸೆಟ್ ಸವೆಸಿ ಬೆಳೆದವನು. ಇಳಯರಾಜಾ ಅಂದರೆ ನನಗೆ 'ಗೀತಾ', 'ಪಲ್ಲವಿ ಅನುಪಲ್ಲವಿ', ಅಷ್ಟೇ. ಮೊದಲ ಒಂದು ತಿಂಗಳು ಈ ಸಿಡಿಯನ್ನು ಬೈದುಕೊಂಡೇ ಓಡಿಸಿದೆ. ಹಳೇ ದೂರದರ್ಶನದಲ್ಲಿ 'ಅಡಚಣೆಗಾಗಿ ಕ್ಷಮಿಸಿ' ಬೋರ್ಡ್ ಹಾಕಿದಾಗ ಬರುತ್ತಿತ್ತಲ್ಲ, ಆ ಜಾತಿಯದು ಅಂದುಕೊಂಡಿದ್ದೆ. ಅದರಲ್ಲಿ ಒಂದು ಟ್ರ್ಯಾಕಿನ ಹೆಸರು 'ಯೂ ಕ್ಯಾನಾಟ್ ಬಿ ಫ್ರೀ'. ಸಿಡಿ ಹೊರಗೆ ಬರದ ಗಾಡಿಯಲ್ಲಿ ಈ ಹೆಸರು! ಇನ್ನೊಂದರ ಹೆಸರು 'ಇಟ್ ಈಸ್ ಫಿಕ್ಸ್ಡ್'. ಅದನ್ನು ನೋಡಿ ನಮ್ಮ ಎಲೆಕ್ಟ್ರಿಷಿಯನ್ ಕೂಡ ನಕ್ಕ.

ನನ್ನ ಕೆಲಸ ಪೀಣ್ಯದಲ್ಲಿ, ಲೇತ್ ಸೆಕ್ಷನ್. ದಿನಾ ತುಮಕೂರಿನಿಂದ ಓಡಾಟ. ಸ್ಪಿಂಡಲ್ ಬೇರಿಂಗ್ ಕೆಡುವ ಒಂದೆರಡು ವಾರ ಮೊದಲೇ ಅದರ ಸದ್ದಿನ ಅಡಿಯಲ್ಲಿ ಸಣ್ಣ ಅಳು ಸೇರಿಕೊಳ್ಳುತ್ತದೆ. ಮೀಟರ್ ತೋರಿಸುವ ಮೊದಲು ಕಿವಿ ಹೇಳುತ್ತದೆ. ಇಪ್ಪತ್ತು ವರ್ಷ ಅದೇ ಮಾಡಿದ ಕಿವಿ ಸುಮ್ಮನೆ ಕೂರುವುದಿಲ್ಲ ನೋಡಿ. ಒಂದು ಬೆಳಿಗ್ಗೆ ದಾಬಸ್‌ಪೇಟೆ ಫ್ಲೈಓವರ್ ಹತ್ತಿರ ಲಾರಿ ಮಗುಚಿತ್ತು, ಮುಕ್ಕಾಲು ಗಂಟೆ ನಿಂತಲ್ಲೇ ನಿಂತೆ. ಆಗ 'ಐ ಮೆಟ್ ಬಾಖ್ ಇನ್ ಮೈ ಹೌಸ್' ಬರುತ್ತಿತ್ತು. ಒಂದು ಪಿಟೀಲು ಉಸಿರೇ ತೆಗೆದುಕೊಳ್ಳದೆ ಓಡುತ್ತದೆ, ಒಂದೇ ಅಳತೆಯ ಸಣ್ಣ ಸಣ್ಣ ಸ್ವರಗಳು, ಲೇತ್ ಮೇಲೆ ಸ್ಕ್ರೂ ಥ್ರೆಡ್ ಹೊಡೆದ ಹಾಗೆ. ಎಲ್ಲೂ ಪಿಚ್ ತಪ್ಪುವುದಿಲ್ಲ. ಅದರ ಸುತ್ತ ಬೇರೆ ತಂತಿವಾದ್ಯಗಳು ಬೇರೆಯೇ ಮಾತಾಡುತ್ತಿವೆ. ಇಷ್ಟು ದಿನ ಎರಡನ್ನೂ ಒಂದೇ ಗದ್ದಲ ಅಂತ ಕೇಳಿದ್ದೆ.

ಮನೆಗೆ ಹೋಗಿ ಹುಡುಕಿದೆ. ಆ ಓಡುವ ಪಿಟೀಲು ಪೂರ್ತಿ ಬಾಖ್‌ದೇ. ಒಂಟಿ ಪಿಟೀಲಿಗೆ ಬರೆದ ಮೂರನೇ ಪಾರ್ಟೀಟಾದ (ಹಲವು ಭಾಗಗಳ ವಾದ್ಯಕೃತಿ) ಮೊದಲ ಭಾಗ. ಆತನ ಕೈಬರಹದ ಪ್ರತಿಯಲ್ಲಿ 1720 ಅಂತ ಇಸವಿ ಇದೆ. ಇಳಯರಾಜಾ ಅದನ್ನು ಇಟ್ಟುಕೊಂಡು ಸುತ್ತ ತಮ್ಮದನ್ನು ಕಟ್ಟಿದ್ದಾರೆ. ಪಕ್ಕದ ಮನೆಯ ಗೋಡೆಗೇ ನಮ್ಮ ಮಾಡು ಇಳಿಸಿದ ಹಾಗೆ. ಎಷ್ಟು ಧೈರ್ಯ ಅಲ್ವಾ? ಪಕ್ಕದವರು ಜಗಳಕ್ಕೆ ಬರಲಿಲ್ಲ ಅನ್ನುವುದಕ್ಕೆ ಮುಂದಿನ ಟ್ರ್ಯಾಕಿನ ಹೆಸರೇ ಸಾಕ್ಷಿ: '...ಆ್ಯಂಡ್ ವೀ ಹ್ಯಾಡ್ ಎ ಟಾಕ್'.

ಹಾಗಂತ ಎಲ್ಲವೂ ಇಷ್ಟವಾಯಿತು ಅಂತಲ್ಲ. ಆ 'ಯೂ ಕ್ಯಾನಾಟ್ ಬಿ ಫ್ರೀ' ಇವತ್ತಿಗೂ ನನಗೆ ಹಿಡಿಸಿಲ್ಲ. ಅದು ಬಂದಾಗ ಕಿಟಕಿ ಇಳಿಸುತ್ತೇನೆ.

ಶನಿವಾರ ಅಮ್ಮನನ್ನು ಯಶವಂತಪುರದ ಅಕ್ಕನ ಮನೆಗೆ ಬಿಡುತ್ತೇನೆ. ಮೊದಲ ಸಲ ಟೋಲ್ ದಾಟಿ ಅರ್ಧ ಗಂಟೆ ಸುಮ್ಮನೆ ಕೂತಿದ್ದವರು ನೆಲಮಂಗಲದಲ್ಲಿ ಕೇಳಿದರು, "ಹಾಡೋರು ಯಾವಾಗ ಬರ್ತಾರಪ್ಪಾ?"

ಸರಿ, ಪ್ರಶ್ನೆ ಎರಡು. ನಿಮ್ಮ ಗಾಡಿಯಲ್ಲಿ ಹೀಗೆ ಒಂದೇ ಸಿಡಿ ಸಿಕ್ಕಿಹಾಕಿಕೊಂಡರೆ ಯಾವುದು ಇರಬೇಕು? ಯಾವುದು ಇರಲೇಬಾರದು? ಹಾಡಲ್ಲ, ಪೂರ್ತಿ ಆಲ್ಬಂ ಹೇಳಿ. ಯಾವ ಭಾಷೆಯದಾದರೂ ಸರಿ. "ಎಲ್ಲರೂ ಹೇಳುತ್ತಾರೆ" ಅಂತ ಹೇಳಬೇಡಿ, ನಿಮಗೆ ಅನಿಸಿದ್ದು ಹೇಳಿ.

ಮೇಡನ್ ಮಂಜ:

ಗುರೂ, ಮೊದಲು ನಿನಗೆ ಒಂದು ಸೆಲ್ಯೂಟ್. ನಾನಾಗಿದ್ದರೆ ಎರಡನೇ ದಿನ ಸ್ಕ್ರೂಡ್ರೈವರ್ ಹಾಕಿ ಎಬ್ಬಿಸಿ ಪ್ಲೇಯರನ್ನೇ ಮುಗಿಸುತ್ತಿದ್ದೆ.

ನನ್ನದು ಇಂಗ್ಲೆಂಡಿನ ಹೆವಿ ಮೆಟಲ್ ಬ್ಯಾಂಡ್ ಐರನ್ ಮೇಡನ್ 'ಪವರ್‌ಸ್ಲೇವ್', 1984. ಎಂಟೇ ಹಾಡು. ಕೊನೆಯದೊಂದೇ ಹದಿಮೂರು ನಿಮಿಷಕ್ಕಿಂತ ಜಾಸ್ತಿ, ಕೋಲ್‌ರಿಜ್ ಕವಿಯ ಹಡಗಿನ ಪದ್ಯದ ಕಥೆ. ನಡುವೆ ಎಲ್ಲಾ ನಿಂತು ಹಡಗಿನ ಹಲಗೆ ಕಿರುಗುಟ್ಟುವ ಸದ್ದು ಮಾತ್ರ ಉಳಿಯುತ್ತದೆ. ಆ ಜಾಗದಲ್ಲಿ ಹೈವೇ ಮೇಲೆ ರಾತ್ರಿ ಒಬ್ಬನೇ ಇದ್ದರೆ ನಿಜವಾಗಿಯೂ ಕತ್ತಲೆ ಜಾಸ್ತಿ ಆದ ಹಾಗೆ ಆಗುತ್ತದೆ.

ಮೇಡನ್ ಮೊದಲ ಸಲ ಬೆಂಗಳೂರಿಗೆ ಬಂದಿದ್ದು 2007ರ ಮಾರ್ಚ್ 17, ಅರಮನೆ ಮೈದಾನ. ದಾವಣಗೆರೆಯಿಂದ ನಾವು ಮೂರು ಜನ ಹೋಗಿದ್ದೆವು. ಕಪ್ಪು ಟೀ ಶರ್ಟ್ ಇರಲಿಲ್ಲ ಅಂತ ಒಬ್ಬ ಅಯ್ಯಪ್ಪ ಮಾಲೆ ಹಾಕಿದಾಗಿನ ಕಪ್ಪು ಅಂಗಿಯನ್ನೇ ಹಾಕಿಕೊಂಡು ಬಂದಿದ್ದ. ಹೊಸ ಆಲ್ಬಂನ ಹಾಡುಗಳನ್ನೇ ಜಾಸ್ತಿ ನುಡಿಸಿದರು, ನನಗೆ ಆಗ ಸ್ವಲ್ಪ ಬೇಜಾರು. ಮುಗಿಸಿ ಮೆಜೆಸ್ಟಿಕ್ಕಿಗೆ ಬಂದರೆ ಬಸ್ಸಲ್ಲಿ ಒಬ್ಬರು ರೇಡಿಯೊ ಕಿವಿಗಿಟ್ಟುಕೊಂಡು ಕೂತಿದ್ದಾರೆ. ವರ್ಲ್ಡ್ ಕಪ್‌ನಲ್ಲಿ ಭಾರತ 191ಕ್ಕೆ ಆಲೌಟ್. ಹಿರಿಯೂರು ಹತ್ತಿರ ಎಚ್ಚರವಾದಾಗ ಬಾಂಗ್ಲಾದೇಶ ಗೆದ್ದಾಗಿತ್ತು. ಬಸ್ಸೆಲ್ಲಾ ಸಾವಿನ ಮನೆ. ನಾವು ಮೂವರು ಮಾತ್ರ ಗಂಟಲು ಕಟ್ಟಿ, ಕಿವಿ ಗುಯ್ ಅಂತ, ಒಳಗೊಳಗೇ ಖುಷಿಯಾಗಿ ಕೂತಿದ್ದೆವು.

ಇರಲೇಬಾರದ ಸಿಡಿ: ಅಮೆರಿಕದ ಮೆಟಲ್ ಬ್ಯಾಂಡ್ ಮೆಟಾಲಿಕಾ 'ಸೇಂಟ್ ಆ್ಯಂಗರ್', 2003. 75 ನಿಮಿಷ. ಗಿಟಾರ್ ಸೋಲೊ ಒಂದೂ ಇಲ್ಲ. ಸ್ನೇರ್ ಡ್ರಮ್ ಸದ್ದು ಖಾಲಿ ಎಣ್ಣೆ ಡಬ್ಬಕ್ಕೆ ಬಡಿದ ಹಾಗೆ. ನಾನು ಮೆಟಾಲಿಕಾ ದ್ವೇಷಿ ಅಲ್ಲ, 2011ರಲ್ಲಿ ಅವರು ಬಂದಾಗಲೂ ಮಳೆ ಕೆಸರಲ್ಲಿ ನಿಂತವನೇ. ಆದರೆ ಆ ಡಬ್ಬದ ಜೊತೆ ತುಮಕೂರಿಂದ ಪೀಣ್ಯದವರೆಗೆ? ಬೇಡಪ್ಪ.

ಇನ್ನೊಂದು. ಯಾರೂ ಭಾವಗೀತೆ ಅಂತ ಹೇಳಬೇಡಿ. ಡ್ರೈವರ್ ನಿದ್ದೆ ಮಾಡಿದರೆ ಜವಾಬ್ದಾರಿ ಯಾರದ್ದು?

ಪಟ್ಟಾಂಗ:

ಭಾವಗೀತೆ ಅಂತಲೇ ಹೇಳಲು ಬಂದೆ ಮಂಜಣ್ಣ. ಎಂತ ಮಾಡುತ್ತೀರಿ?

ಕುಂದಾಪುರದಲ್ಲಿ ನನ್ನದು ಟೈಲರಿಂಗ್ ಅಂಗಡಿ. ನಿಮಗೆ ಆರು ತಿಂಗಳಿಂದ ಆದದ್ದು ನಮಗೆ ಮೂವತ್ತು ವರ್ಷದಿಂದ ಆಗುತ್ತಿದೆ ಮಾರಾಯ್ರೆ. ಮಿಷನ್ ಮೇಲೆ ಎರಡೂ ಕೈ ಇರುವಾಗ ಹಾಡು ಬದಲಾಯಿಸುವವರು ಯಾರು? ಬೆಳಿಗ್ಗೆ ಒಂದು ಕ್ಯಾಸೆಟ್ ಹಾಕಿದರೆ ಬಾಬಿನ್‌ನಲ್ಲಿ ನೂಲು ಮುಗಿದು ಎದ್ದಾಗಲೇ ಅದನ್ನೂ ಮಗುಚುವುದು. ಒಂದು ಸೈಡಿಗೆ ಒಂದು ಬ್ಲೌಸಿನ ಎರಡು ಕೈ ಆಗುತ್ತದೆ. ಕಾಲರ್ ಇದ್ದರೆ ಆಗುವುದಿಲ್ಲ.

ನನ್ನದು 'ನಿತ್ಯೋತ್ಸವ'. 1978ರಲ್ಲಿ ಬಂದದ್ದು, ಕನ್ನಡ ಭಾವಗೀತೆಯ ಮೊದಲ ಕ್ಯಾಸೆಟ್. ಪದ್ಯ ನಿಸಾರ್ ಅಹಮದ್ ಅವರದ್ದು, ರಾಗ ಹಾಕಿದವರು ಮೈಸೂರು ಅನಂತಸ್ವಾಮಿ. ನನ್ನ ಹತ್ತಿರ ಇದ್ದದ್ದು ನಾಲ್ಕು ಸಲ ಟೇಪ್ ಕಟ್ ಆಗಿದೆ. ನೇಲ್ ಪಾಲಿಶ್ ಹಾಕಿ ಅಂಟಿಸಿದ್ದೇನೆ. ಅಂಟಿಸಿದ ಜಾಗದಲ್ಲಿ ಒಂದು ಶಬ್ದ ನುಂಗಿ ಹೋಗುತ್ತದೆ. ಈಗ ಮೊಬೈಲಿನಲ್ಲಿ ಅದೇ ಹಾಡು ಪೂರ್ತಿ ಬಂದರೆ ನನಗೆ ಅಲ್ಲಿ ಒಂದು ಶಬ್ದ ಜಾಸ್ತಿ ಆದ ಹಾಗೆ ಕಾಣುತ್ತದೆ.

ಈಗ ಜಗಳದ ಮಾತು. ನನಗೆ ಅಶ್ವತ್ಥ್ ಅವರಿಗಿಂತ ಅನಂತಸ್ವಾಮಿ ಹತ್ತಿರ. ಬೈಯುವವರು ಬೈಯಿರಿ. ಅಶ್ವತ್ಥ್ ಹಾಡಿದರೆ ಮೈದಾನ ತುಂಬುತ್ತದೆ. 2005ರಲ್ಲಿ ಅರಮನೆ ಮೈದಾನದಲ್ಲಿ 'ಕನ್ನಡವೇ ಸತ್ಯ' ಆದಾಗ ಸೇರಿದ ಜನ ನೀವೆಲ್ಲ ನೋಡಿದ್ದೀರಿ. ಮಂಜಣ್ಣನ ಕಪ್ಪಂಗಿಯವರಿಗೆ ಎರಡು ವರ್ಷ ಮೊದಲೇ ಅದೇ ಮೈದಾನ ನಮ್ಮವರು ತುಂಬಿಸಿದ್ದರು, ನೆನಪಿರಲಿ! ಆದರೆ ಅಂಗಡಿಯ ಹತ್ತಡಿ ಕೋಣೆಯಲ್ಲಿ ಅಶ್ವತ್ಥ್ ಹಾಕಿದರೆ ಗಿರಾಕಿಯ ಅಳತೆ ನನಗೆ ಕೇಳುವುದಿಲ್ಲ. ಮೂವತ್ತಾರು ಹೇಳಿದ್ದು ಮೂವತ್ತೆರಡು ಕೇಳಿ ಒಮ್ಮೆ ಮದುವೆಯ ಬ್ಲೌಸು ಬಿಗಿಯಾಗಿ, ಆ ಸಂಕಟ ಬೇಡ. ಅನಂತಸ್ವಾಮಿ ಎದುರಿನ ಸ್ಟೂಲಿನಲ್ಲಿ ಕೂತು ಹೇಳಿದ ಹಾಗೆ ಹಾಡುತ್ತಾರೆ.

ನಾಡಗೀತೆಗೆ ಯಾರ ರಾಗ ಅಂತ ಎಷ್ಟು ವರ್ಷ ಎಳೆದಾಡಿದರು. ಕೊನೆಗೆ 2022ರ ಜನವರಿಯಲ್ಲಿ ಸರ್ಕಾರ ಅನಂತಸ್ವಾಮಿಯವರದ್ದೇ ಅಂತ ಮಾಡಿತು, ಎರಡೂವರೆ ನಿಮಿಷದ ಲೆಕ್ಕ ಹಾಕಿ. ಆ ದಿನ ಅಂಗಡಿಯಲ್ಲಿ ಚಾ ಕೊಡಿಸಿದೆ. ಅಶ್ವತ್ಥ್ ಹುಟ್ಟಿದ್ದೂ ಹೋದದ್ದೂ ಡಿಸೆಂಬರ್ 29, ಕುವೆಂಪು ಹುಟ್ಟಿದ ದಿನವೂ ಅದೇ. ಆ ಋಣ ಅವರಿಗೆ ಇತ್ತು ಅಂತ ನನ್ನ ಗಂಡ ಇನ್ನೂ ವಾದ ಮಾಡುತ್ತಾರೆ. ಮನೆಯಲ್ಲಿ ಎರಡು ಪಕ್ಷ.

ಇರಲೇಬಾರದ್ದು: ಸಿನಿಮಾ ಸಿಡಿ ಯಾವುದೂ ಬೇಡ. ಎರಡು ಒಳ್ಳೆಯ ಹಾಡು, ಮೂರು ಸುಮಾರು, ಒಂದು ಕುಡಿದವರ ಹಾಡು. ಆ ಕುಡಿದವರ ಹಾಡು ಬರುವಾಗಲೇ ಯಾವಾಗಲೂ ಶಾಲೆಯ ಟೀಚರ್ ಸೀರೆ ಫಾಲ್ಸ್ ಹಾಕಿಸಲು ಬರುವುದು.

ಸಪ್ತಾಪುರ ಅಜ್ಜ:

ತಮ್ಮಾ ಪ್ಯಾಸೆಂಜರ್, ನಿಮ್ಮ ಪ್ರಶ್ನೆಯೊಳಗ ಒಂದು ತೊಡಕು ಐತಿ. ನೀವು ಬೆಳಿಗ್ಗೆ ಹೋಗುತ್ತೀರಿ, ರಾತ್ರಿ ಬರುತ್ತೀರಿ. ಸಿಡಿ ಒಂದೇ. ಅದು ಶಿವಮತ್ ಭೈರವ್ ಆಗಿದ್ದರೆ ರಾತ್ರಿ ನೆಲಮಂಗಲದಾಗ ಏನು ಮಾಡುತ್ತೀರಿ? ಮುಂಜಾನೆಯ ರಾಗ ಅದು. ಭೀಮಪಲಾಸಿ ಆಗಿದ್ದರೆ ಮಧ್ಯಾಹ್ನದ ಊಟದ ಬಿಡುವಿನಾಗ ಮಾತ್ರ ಗಾಡಿಯಾಗ ಕೂತು ಕೇಳಬೇಕು.

ನಗಬ್ಯಾಡ್ರಿ. ಕರ್ನಾಟಕ ಸಂಗೀತದವರು ಈ ಹೊತ್ತಿನ ಕಟ್ಟು ಅಷ್ಟು ಹಚ್ಚಿಕೊಂಡಿಲ್ಲ. ನಮಗ ಹಿಂದೂಸ್ತಾನಿ ಕೇಳುವವರಿಗೆ ಅದು ರೂಢಿ. ಸಂಜಿಮುಂದ ಭೈರವ್ ಹಾಕಿದರೆ ನನ್ನ ಹೆಂಡತಿ ಒಳಗಿಂದ "ಚಹಾ ಮತ್ತೊಮ್ಮೆ ಇಡಲೇನು, ಬೆಳಗಾತು" ಅನ್ನುತ್ತಿದ್ದಳು.

ಆದರೂ ಒಂದೇ ಅಂದರೆ ಮಲ್ಲಿಕಾರ್ಜುನ ಮನಸೂರರ ಶಿವಮತ್ ಭೈರವ್. ಹಿಂದಿರುಗಿ ಬರುವಾಗ ಬಂದ್ ಮಾಡಿಕೊಂಡು ಟೈರ್ ಸದ್ದು ಕೇಳುತ್ತೇನೆ, ಅಡ್ಡಿ ಇಲ್ಲ.

ಯಾಕ ಅಂತ ಹೇಳುತ್ತೇನೆ. ಉಳಿದವರು ಆಲಾಪ ಮಾಡುತ್ತಾ ಮಾಡುತ್ತಾ ರಾಗದ ಮನಿಗೆ ದಾರಿ ತೋರಿಸುತ್ತಾರೆ. ಮನಸೂರರು ಬಾಗಿಲು ತೆಗೆದೇ ಒಳಗ ನಿಂತಿರುತ್ತಾರೆ. ಬಂದಿಶ್, ಅಂದರೆ ಹಾಡುವ ಚೀಜು, ಅದರ ಮೊದಲನೇ ಸಾಲಿನಾಗೇ ರಾಗ ಪೂರಾ ನಿಮ್ಮ ಮುಂದ. ಆಮೇಲೆ ತಾನ್, ಅಂದರೆ ಸರಸರ ಓಡುವ ಸ್ವರಗಳು, ಉಸಿರು ಎಲ್ಲಿ ತೆಗೆದುಕೊಂಡರು ಅಂತ ಹುಡುಕುತ್ತಾ ಕೂಡಬೇಕು. ಎಲ್ಲೋ ಹೋಗಿಬಿಟ್ಟರಲ್ಲ, ಸಮ್, ಅಂದರೆ ತಾಳದ ಮೊದಲನೇ ಪೆಟ್ಟು, ತಪ್ಪಿತು ಅನ್ನುವಷ್ಟರಾಗ ಜಾರಿ ಬಂದು ಸಮ್ ಮೇಲೆ ಕೂಡುತ್ತಾರೆ. ಮಂಜಿಖಾನ್, ಅವರ ನಂತರ ಬುರ್ಜಿಖಾನ್ ಕಲಿಸಿದ್ದು. ಜೈಪುರ್ ಅತ್ರೌಲಿ ಘರಾಣೆಯ ಹಾಡುವ ಶೈಲಿ. ಸಂಪೂರ್ಣ ಮಾಲಕಂಸ್, ಖಟ್, ಬಿಹಾರಿ, ಇಂಥ ಅಪರೂಪದ ರಾಗಗಳನ್ನು ಅವರು ನಮ್ಮ ಓಣಿಯ ಹುಡುಗರ ಹೆಸರು ಕರೆದಂಗ ಹಾಡುತ್ತಿದ್ದರು.

ಒಂದು ಸಲ ಮಠದ ಜಾತ್ರಿಯೊಳಗ ಕೇಳಿದ್ದೆ, ಆಗ ನಾನು ಕಾಲೇಜು ಹುಡುಗ. ಮೈಕು ಕೈ ಕೊಟ್ಟಿತ್ತು. ಸಣ್ಣ ಆಳು, ತಲಿಮ್ಯಾಲೆ ಟೋಪಿ. ಮೈಕಿನವ ತಂತಿ ಜಗ್ಗಾಡುತ್ತಿದ್ದಾನೆ, ಇವರು ಅವನ ಕಡೆ ನೋಡಲೂ ಇಲ್ಲ, ಹಾಡುತ್ತಲೇ ಹೋದರು. ಕಡಲಿ, ಚುರುಮುರಿ ಮಾರುವವರು ಸುದ್ದಾ ಗಪ್ ಆದರು. ಕೊನೆಗೆ ವಚನ ಹಾಡಿದರು. ಮೈಕು ಸರಿಯಾದದ್ದು ಎಲ್ಲಾ ಮುಗಿದ ಮೇಲೆ, "ಪಂಡಿತರಿಗೆ ಧನ್ಯವಾದಗಳು" ಅನ್ನುವಾಗ.

ಇರಲೇಬಾರದ್ದು ಕೇಳಿದಿರಿ. ಇದನ್ನ ಹೇಳಿದರೆ ಊರಾಗ ಬಡಿಯುತ್ತಾರೆ. ಭೀಮಸೇನ ಜೋಶಿಯವರ ದಾಸವಾಣಿ. ಅವರ ತಪ್ಪು ಏನೂ ಇಲ್ಲ. ಹಾಡಿಕೆ ಅಂದರೆ ಹಾಡಿಕೆ. ಆದರೆ ನಮ್ಮ ಓಣಿಯ ತುದಿಯ ಕಟ್ಟೆಯ ಸ್ಪೀಕರಿನಾಗ ಪ್ರತಿ ಶುಕ್ರವಾರ ಮುಂಜಾನೆ ಐದೂವರೆಗೆ 'ಭಾಗ್ಯದ ಲಕ್ಷ್ಮೀ ಬಾರಮ್ಮಾ'. ಇಪ್ಪತ್ತು ವರ್ಷ ಆಯಿತು. ಅರ್ಧ ದಶಕದಿಂದ ಆ ಸ್ಪೀಕರಿನ ಕೋನ್ ಹರಿದೈತಿ. ಲಕ್ಷ್ಮಿ ಬರುವ ಹೆಜ್ಜೆ ಸಪ್ಪಳದಾಗ ಚರ್ ಚರ್ ಅಂತ ಒಂದು ಚಪ್ಪಲಿ ಸೇರಿಕೊಂಡೈತಿ.

ಭಾವಗೀತೆಯ ತಂಗೀ, ನಿಮ್ಮ ಆರೂರಿನ ಕಾಳಿಂಗರಾಯರನ್ನ ನೀವೇ ಮರೆತಿರಲ್ಲ?

ಪಟ್ಟಾಂಗ:

ಅಯ್ಯೋ ಅಜ್ಜಾರೆ, ಅವರನ್ನು ಮರೆಯುವುದುಂಟಾ? ಮೋಹನಕುಮಾರಿ, ಸೋಹನಕುಮಾರಿ ಜೊತೆ ಅವರು ಹಾಡಿದ್ದನ್ನು ಅಮ್ಮ ರೇಡಿಯೊದಲ್ಲಿ ಕೇಳುತ್ತಾ ದೋಸೆ ಕರಟಿಸುತ್ತಿದ್ದರು. ಆದರೆ ಪ್ರಶ್ನೆ ಪೂರ್ತಿ ಆಲ್ಬಂ ಅಂತ ಅಲ್ವಾ. ಅವರದ್ದು ನನಗೆ ಸಿಕ್ಕಿದ್ದೆಲ್ಲ ಬಿಡಿ ಬಿಡಿ ಹಾಡು, ಯಾರೋ ಒಟ್ಟುಹಾಕಿದ್ದು. ಒಂದು ತೋಟದ ಹೂವಲ್ಲ, ಸಂತೆಯಿಂದ ತಂದ ಹೂವು.

ಲೂಪ್:

ಎಲ್ಲರೂ ಹಿರಿಯರೇ ಇದ್ದೀರಿ, ನಾನು ಬಳ್ಳಾರಿ ಹುಡುಗ, ಬೆಂಗಳೂರಲ್ಲಿ ಇಂಜಿನಿಯರಿಂಗ್. ಸಿಡಿ ಕೈಯಲ್ಲಿ ಹಿಡಿದಿದ್ದು ಲ್ಯಾಬ್ ಡ್ರೈವರ್ ಇನ್‌ಸ್ಟಾಲ್ ಮಾಡಲು ಮಾತ್ರ. ಆದರೂ ಉತ್ತರ ಇದೆ.

ಕೆಂಡ್ರಿಕ್ ಲಮಾರ್ ಅವರ 'ಡ್ಯಾಮ್', 2017. ರ್‍ಯಾಪ್ ಅಂದ ಕೂಡಲೇ ಅಜ್ಜ ಪೇಜ್ ಮುಚ್ಚಬೇಡಿ. ಈ ಪ್ರಶ್ನೆಗೆ ಅಂತಲೇ ಮಾಡಿದ ಆಲ್ಬಂ ಅದು. 14 ಟ್ರ್ಯಾಕ್. ಕೊನೆಯ ಟ್ರ್ಯಾಕಿನ ಕೊನೆಯಲ್ಲಿ ಗುಂಡಿನ ಸದ್ದು, ಆಮೇಲೆ ಟೇಪ್ ಹಿಂದಕ್ಕೆ ಸುತ್ತಿದ ಹಾಗೆ ಇಡೀ ಆಲ್ಬಂ ಸರ್ರ್ ಅಂತ ಉಲ್ಟಾ ಓಡುತ್ತದೆ, ಮೊದಲ ಟ್ರ್ಯಾಕಿನ ಮೊದಲ ಸಾಲಿಗೆ ಬಂದು ನಿಲ್ಲುತ್ತದೆ. ಪ್ಯಾಸೆಂಜರ್ ಅಣ್ಣ, ನಿಮ್ಮ ಸಿಡಿ ಮುಗಿದು ತಾನಾಗಿ ಮೊದಲಿಂದ ಶುರುವಾಗುತ್ತಲ್ಲ, ಅದನ್ನೇ ಅವರು ಹಾಡಿನ ಒಳಗೆ ಇಟ್ಟಿದ್ದಾರೆ. ಇನ್ನೂ ಮಜಾ ಏನೆಂದರೆ ಕೊನೆಯಿಂದ ಮೊದಲಿಗೆ ಕೇಳಿದರೂ ಕಥೆ ಆಗುತ್ತದೆ. ಅದೇ ವರ್ಷ ಹಾಡುಗಳನ್ನು ತಿರುಗಾಮುರುಗಾ ಜೋಡಿಸಿ ಇನ್ನೊಂದು ಎಡಿಷನ್ ಬಿಟ್ಟರು. 2018ರಲ್ಲಿ ಅಮೆರಿಕದ ಪುಲಿಟ್ಜರ್ ಪ್ರಶಸ್ತಿ ಬಂತು, ಕ್ಲಾಸಿಕಲ್ ಮತ್ತು ಜಾಝ್ ಬಿಟ್ಟು ಬೇರೆಯದಕ್ಕೆ ಸಂಗೀತದ ಪುಲಿಟ್ಜರ್ ಬಂದಿದ್ದು ಅದೇ ಮೊದಲು. ಹಾಸ್ಟೆಲ್‌ನಲ್ಲಿ ನಾನು ಒಂದು ವಾರ ನೆಟ್ಟಗೆ, ಒಂದು ವಾರ ಉಲ್ಟಾ ಕೇಳಿದೆ. ರೂಮ್‌ಮೇಟ್ ರೂಮ್ ಬದಲಾಯಿಸಿದ.

ಕನ್ನಡದಲ್ಲಿ ಕೇಳಿದರೆ ರಘು ದೀಕ್ಷಿತ್ ಅವರ ಮೊದಲ ಆಲ್ಬಂ, 2008ರದ್ದು. ಹಿಂದಿ, ಇಂಗ್ಲಿಷ್, ಕನ್ನಡ ಎಲ್ಲಾ ಇದೆ. ನನ್ನ ಮಟ್ಟಿಗೆ ಆ ಆಲ್ಬಂ ನಿಂತಿರುವುದು ಶರೀಫರ 'ಗುಡುಗುಡಿಯಾ ಸೇದಿ ನೋಡೋ' ಮೇಲೆ. ಇಂಗ್ಲಿಷ್ ಹಾಡು ಬಂದರೆ ನಾನು ಹಾರಿಸುತ್ತೇನೆ. ನನ್ನ ಹತ್ತಿರ ಬಟನ್ ಇದೆ, ಹೊಟ್ಟೆ ಉರಿದುಕೊಳ್ಳಿ.

ಇರಲೇಬಾರದ್ದು: ಟೈಟಲ್ ಟ್ರ್ಯಾಕ್, ಅದೇ ಟ್ರ್ಯಾಕಿನ ರೀಮಿಕ್ಸ್, ಅದೇ ಟ್ರ್ಯಾಕಿನ ಕರೋಕೆ, ಹೀಗೆ ಮೂರನ್ನು ಆರು ಮಾಡಿದ ಯಾವುದೇ ಆಲ್ಬಂ.

ಒಂದು ಡೌಟ್. ಬಟನ್ ಇಲ್ಲದ ಕಾರಣ ಬಲವಂತವಾಗಿ ಕೇಳಿ ಕೇಳಿ ಇಷ್ಟವಾಗಿದ್ದು ನಿಜವಾದ ಇಷ್ಟನಾ? ಜೈಲಲ್ಲಿ ಇದ್ದವರಿಗೆ ಜೈಲಿನ ಅನ್ನ ರುಚಿಯಾದ ಹಾಗೆ ಅಲ್ವಾ?

ಮೇಡನ್ ಮಂಜ:

ಹುಡುಗ ಪಾಯಿಂಟಿಗೆ ಬಂದ. ನಾನೂ ಅದೇ ಕೇಳಬೇಕು ಅಂತಿದ್ದೆ. ಅದೇ ಗಾಡಿಯಲ್ಲಿ 'ಸೇಂಟ್ ಆ್ಯಂಗರ್' ಇದ್ದಿದ್ದರೆ ಗುರು ಇವತ್ತು ಇಲ್ಲಿ ಎಣ್ಣೆ ಡಬ್ಬದ ಸೌಂದರ್ಯ ಬರೆಯುತ್ತಿದ್ದನಾ?

ಕ್ಯಾತ್ಸಂದ್ರ ಪ್ಯಾಸೆಂಜರ್:

ಬರೆಯುತ್ತಿದ್ದೆನೋ ಏನೋ. ಎರಡು ದಿನ ಅದೇ ಯೋಚಿಸಿದೆ.

ತಮ್ಮಾ ಲೂಪ್, ಬಲವಂತವೇ ಕಾರಣ ಆಗಿದ್ದರೆ ಹತ್ತೂ ಟ್ರ್ಯಾಕ್ ಇಷ್ಟವಾಗಬೇಕಿತ್ತು. ಎಲ್ಲವನ್ನೂ ಅಷ್ಟೇ ಸಲ ಕೇಳಿದ್ದೇನೆ. ಆದರೂ ಒಂದಕ್ಕೆ ಕಿಟಕಿ ಇಳಿಸುತ್ತೇನೆ, ಇನ್ನೊಂದು ಮುಗಿಯಲಿ ಅಂತ ಫ್ಯಾಕ್ಟರಿ ಗೇಟಿನ ಹೊರಗೆ ಇಂಜಿನ್ ಆಫ್ ಮಾಡದೆ ಕೂರುತ್ತೇನೆ. ವಾಚ್‌ಮನ್ ಹತ್ತಿರ ಬಂದು ಗಾಡಿ ಕೆಟ್ಟಿದೆಯಾ ಅಂತ ಕೇಳಿದ್ದೂ ಇದೆ. ನಮ್ಮಲ್ಲಿ ಹೊಸ ಹುಡುಗರಿಗೆ ಮೊದಲ ತಿಂಗಳು ಒಂದೇ ಪೀಸ್ ಕೊಡುತ್ತೇವೆ. ದಿನಾ ಅದನ್ನೇ ಅಳೆಯಬೇಕು. ತಿಂಗಳ ಕೊನೆಗೆ ಅವರಿಗೆ ಆ ಪೀಸ್ ಮೇಲೆ ಪ್ರೀತಿ ಏನೂ ಬಂದಿರುವುದಿಲ್ಲ, ತಪ್ಪು ಎಲ್ಲಿದೆ ಅಂತ ಮಾತ್ರ ಗೊತ್ತಾಗಿರುತ್ತದೆ. ಮೊದಲ ತಿಂಗಳು ನಾನು ಬೈದಿದ್ದೆನಲ್ಲ, ಅದು ಕೇಳಿ ಬೈದಿದ್ದಲ್ಲ. 'ಪ್ರೇಮಲೋಕ' ಯಾಕೆ ಅಲ್ಲ ಅಂತ ಬೈದಿದ್ದು. ಈಗ ಬೈಯುವಾಗ ಎಲ್ಲಿಗೆ ಬೈಯಬೇಕು ಅಂತ ಗೊತ್ತಿದೆ.

ಅಜ್ಜಾರೆ, ನೀವು ಹೇಳಿದ ಮೇಲೆ ಮನಸೂರರ ಶಿವಮತ್ ಭೈರವ್ ಫೋನಿನಲ್ಲಿ ಹಾಕಿಕೊಂಡು ಬೆಳಿಗ್ಗೆ ಟೆರೇಸ್ ಮೇಲೆ ಕೂತೆ. ಸಮ್ ಎಲ್ಲಿ ಅಂತ ಹಿಡಿಯಲು ಆಗಲಿಲ್ಲ. ತಬಲಾ ಒಂದು ಕಡೆ, ಅವರು ಒಂದು ಕಡೆ. ಹನ್ನೆರಡನೇ ನಿಮಿಷಕ್ಕೋ ಏನೋ ಒಂದೇ ಸಲ ಇಬ್ಬರೂ ಬಂದು ಕೂತ ಸದ್ದು ಕೇಳಿತು. ಅದೇನಾ?

ಮಂಜಾ, 'ಪವರ್‌ಸ್ಲೇವ್' ಕೇಳಿದೆ. ಹಡಗಿನ ಜಾಗ ಸರಿಯಾಗಿ ಹೇಳಿದ್ದೀಯ. ಬಾಸ್ ಗಿಟಾರಿನವನು ಕುದುರೆ ಓಡಿಸಿದ ಹಾಗೆ ನುಡಿಸುತ್ತಾನೆ. ಉಳಿದದ್ದಕ್ಕೆ ಇನ್ನೂ ಸ್ವಲ್ಪ ಟೈಮ್ ಕೊಡು.

ಸಪ್ತಾಪುರ ಅಜ್ಜ:

ಅದೇ ತಮ್ಮಾ. ಹನ್ನೆರಡು ನಿಮಿಷಕ್ಕೆ ಸಿಕ್ಕಿತು ಅಂದರೆ ಲಗೂನೇ ಸಿಕ್ಕಿತು. ನನಗ ಎರಡು ವರ್ಷ ಹಿಡಿದಿತ್ತು. ತಬಲಾ ಕಡೆ ಎಣಿಸಬ್ಯಾಡ್ರಿ, ಬಂದಿಶ್‌ನ ಮೊದಲ ಸಾಲು ಬಾಯಿಪಾಠ ಮಾಡಿಕೊಳ್ಳಿರಿ. ಆ ಸಾಲು ಎಲ್ಲಿ ತೂಕ ಹಾಕುತ್ತೈತೋ ಅದೇ ಸಮ್.

ಆ ರ್‍ಯಾಪಿನ ಹುಡುಗನ ಆಲ್ಬಂ ಮೊಮ್ಮಗನ ಕಡೆಯಿಂದ ಹಚ್ಚಿಸಿದೆ. ಒಂದಕ್ಷರ ತಿಳಿಯಲಿಲ್ಲ. ಆದರೆ ಕೊನೆಗೆ ಉಲ್ಟಾ ಓಡಿದ್ದು ಕೇಳಿ ಇಬ್ಬರೂ ನಕ್ಕೆವು. ಸಮ್‌ಗೆ ಬಂದು ಕೂತಂಗ ಆತು. ಬೈಗುಳ ಜಾಸ್ತಿ ಐತಿ ಅಂತ ಸೊಸೆ ಬಂದು ಬಂದ್ ಮಾಡಿಸಿದಳು.

ಕ್ಯಾತ್ಸಂದ್ರ ಪ್ಯಾಸೆಂಜರ್:

ಅಪ್‌ಡೇಟ್. ನಿನ್ನೆ ಸಿಡಿ ಹೊರಗೆ ಬಂತು.

ಎಲೆಕ್ಟ್ರಿಷಿಯನ್ ಇಡೀ ಪ್ಲೇಯರ್ ಬಿಚ್ಚಿ ಮೇಜಿನ ಮೇಲೆ ಇಟ್ಟ. ಒಳಗೆ ಇದ್ದದ್ದು ಒಂದಲ್ಲ, ಎರಡು ಸಿಡಿ. ಒಂದು ಇರುವಾಗಲೇ ಯಾರೋ ಇನ್ನೊಂದು ತಳ್ಳಿದ್ದಾರೆ, ಅದಕ್ಕೇ ಜಾಮ್. ಎರಡನೆಯದರ ಮೇಲೆ ಮಾರ್ಕರ್ ಪೆನ್ನಿನಲ್ಲಿ 'ಮದುವೆ, ಭಾಗ 2' ಅಂತ ಬರೆದಿದೆ. ಯಾರ ಮದುವೆಯೋ, ಭಾಗ 1 ಎಲ್ಲಿದೆಯೋ.

ಸಿಡಿಗಳು ಬಂದವು, ಪ್ಲೇಯರ್ ಹೋಯಿತು. ಎಳೆಯುವಾಗ ಒಳಗಿನ ರಬ್ಬರ್ ರೋಲರ್ ಕಿತ್ತು ಬಂದಿದೆ. ಹೊಸದು ಹಾಕಿಸಿ ಅಂದ. ಇನ್ನೂ ಹಾಕಿಸಿಲ್ಲ, ಡ್ಯಾಶ್‌ಬೋರ್ಡಿನಲ್ಲಿ ಒಂದು ತೂತು, ಅದರಲ್ಲಿ ಟೋಲ್ ಚೀಟಿ ಇಡುತ್ತಿದ್ದೇನೆ.

ಇವತ್ತು ಶನಿವಾರ. ಅಮ್ಮ ಹಿಂದೆ ಕೂತಿದ್ದರು. ಹಿಂದೊಮ್ಮೆ ಅವರಿಗೆ ಆ ಟ್ರ್ಯಾಕಿನ ಹೆಸರಿನ ಅರ್ಥ ಹೇಳಿದ್ದೆ, ಬಾಖ್ ಅಂತ ಒಬ್ಬರು ಹಳೇ ಕಾಲದವರು ಮನೆಗೆ ಬಂದಿದ್ದರಂತೆ, ಕೂತು ಮಾತಾಡಿದರಂತೆ ಅಂತ. ದಾಬಸ್‌ಪೇಟೆ ದಾಟಿತು. ಟೈರ್ ಸದ್ದು. ಅಮ್ಮ ಕೇಳಿದರು, "ಆ ನೆಂಟರು ಇವತ್ತು ಬರಲಿಲ್ವಾ?"

ಪಟ್ಟಾಂಗ:

ಅಮ್ಮನಿಗೆ ನನ್ನ ನಮಸ್ಕಾರ ಹೇಳಿ. ಅದು ಬಿಡಿ, ಆ ಮದುವೆ ಸಿಡಿ ಎಂತ ಮಾಡಿದಿರಿ? ಅವರಿಗೆ ಮುಟ್ಟಿಸಬೇಕು ಮಾರಾಯ್ರೆ. ಎರಡನೇ ಭಾಗ ಅಂದರೆ ಧಾರೆ ಅದರಲ್ಲೇ ಇರುವುದು.

ಕ್ಯಾತ್ಸಂದ್ರ ಪ್ಯಾಸೆಂಜರ್:

ಬ್ರೋಕರಿಗೆ ನಾಲ್ಕು ಸಲ ಫೋನ್ ಮಾಡಿದೆ ಅಕ್ಕಾ. ನನ್ನ ನಂಬರ್ ನೋಡಿದರೆ ಎತ್ತುವುದಿಲ್ಲ. ನಾಳೆ ಎಲೆಕ್ಟ್ರಿಷಿಯನ್ ಫೋನಿಂದ ಮಾಡಿ ನೋಡುತ್ತೇನೆ.